ಶನಿವಾರದ ಜಾಮೂನು

ನಾಯಿ ಶೆಲ್ಟರಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ನನ್ನ ಹತ್ತಿರ ಬಂದು, "ಅಕ್ಕಾ, ನಾಯಿ ಕಚ್ಚಿದ್ರೆ ಏನ್ ಮಾಡ್ಬೇಕು?" ಅಂತ ಕೇಳುತ್ತಾರೆ. ಕಚ್ಚಿದರೆ ಸೋಪು ಹಚ್ಚಿ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು ಇಂಜೆಕ್ಷನ್‌ಗೆ ಓಡಬೇಕು, ಅದರಲ್ಲಿ ಕೇಳುವುದೇನಿದೆ? ನಾಯಿಯ ಜೊತೆ ಏಗುವುದು ಕಷ್ಟವಲ್ಲ ಕಣ್ರಪ್ಪಾ. ನಾಯಿ ಬೇಕು ಅಂತ ಬರುವ ಮನುಷ್ಯರ ಜೊತೆ ಏಗುವುದು ಕಷ್ಟ. ಅದಕ್ಕೆ ತಾಳ್ಮೆ ಬೇಕು, ನನಗೆ ಅದು ಹುಟ್ಟಿನಿಂದಲೇ ಕಡಿಮೆ.

ತುಮಕೂರಿನ ಅಂಚಿನಲ್ಲಿರುವ ನಮ್ಮ ಶೆಲ್ಟರಿಗೆ ನಾನು ಸೇರಿದ್ದು ಅಡುಗೆಯವಳಾಗಿ. ನಾಯಿಗಳಿಗೆ ಅನ್ನ, ಮುದ್ದೆ, ಕೋಳಿಕಾಲು ಬೇಯಿಸುತ್ತಿದ್ದೆ. ಆಮೇಲೆ ನಾಯಿಗಳನ್ನು ಮನೆಗಳಿಗೆ ದತ್ತು ಕೊಡುವ ಜವಾಬ್ದಾರಿಯೂ ನನ್ನ ತಲೆಗೇ ಬಂತು. ಹೇಗೆ ಬಂತು ಅನ್ನುವುದರಲ್ಲಿ ಸ್ವಾರಸ್ಯವೇನಿಲ್ಲ. ಒಂದೊಂದರ ಗುಣವೂ ನನಗೆ ಗೊತ್ತಿತ್ತು, ಹೆಸರು ಇಡುತ್ತಿದ್ದವಳೂ ನಾನೇ. ಅಡುಗೆಯವಳು ಇಟ್ಟ ಹೆಸರುಗಳು ಇನ್ನು ಹೇಗಿರುತ್ತವೆ? ಉಪ್ಪಿಟ್ಟು, ಕೋಸಂಬರಿ, ಚಕ್ಕುಲಿ, ಹುರುಳಿ. ನಮ್ಮ ಮ್ಯಾನೇಜರ್ ಸತ್ಯಣ್ಣನವರು "ಇದೇನ್ ಶೆಲ್ಟರ್ರೋ ಹೋಟ್ಲೋ?" ಅಂತ ಗೊಣಗುತ್ತಿದ್ದರು. ಗೊಣಗಿದರೂ ಸಂಜೆ ಹೊತ್ತು ಉಪ್ಪಿಟ್ಟನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಪೇಪರ್ ಓದುತ್ತಿದ್ದರು.

ಕೆಲಸ ಬಿಟ್ಟ ಮೇಲೂ ನನ್ನ ತಲೆಯಿಂದ ಇಳಿಯದೆ ಕೂತಿರುವುದು ಕರಿ ನಾಯಿಗಳ ವಿಚಾರ. ಬಂದವರೆಲ್ಲ ಗೇಟಿನಲ್ಲಿ ಹೇಳುತ್ತಿದ್ದ ಮಾತು ಒಂದೇ: "ಯಾವ್ದಾದ್ರೂ ಸರಿ ಅಮ್ಮ, ಗುಣ ಒಳ್ಳೇದಿದ್ರೆ ಸಾಕು." ಸರಿ ಅಂತ ಒಳಗೆ ಕರೆದುಕೊಂಡು ಹೋಗುತ್ತಿದ್ದೆ. ಕಂದು ನಾಯಿಯ ಮುಂದೆ ನಿಲ್ಲುತ್ತಿದ್ದರು. ಬಿಳಿಯದರ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಮಚ್ಚೆಯದಕ್ಕೆ ಬಿಸ್ಕತ್ತು ಕೊಡುತ್ತಿದ್ದರು. ಕರಿಯದರ ಮುಂದೆ ಮಾತ್ರ ಅವರ ಕಾಲು ನಿಲ್ಲುತ್ತಲೇ ಇರಲಿಲ್ಲ. ಹೆದರುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅಲ್ಲಿ ಬರೀ ಗೋಡೆ ಇದೆಯೇನೋ ಅನ್ನುವ ಹಾಗೆ ಮುಂದಕ್ಕೆ ಹೋಗಿಬಿಡುತ್ತಿದ್ದರು.

ಕೈಹಿಡಿದು ನಿಲ್ಲಿಸಿ "ಇದನ್ನೂ ನೋಡಿ" ಅಂದರೆ ನೆಪಗಳು ಶುರು. ಶಿರಾ ಗೇಟ್ ಹತ್ತಿರ ಟೈರ್ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ಬಹಳ ಸಂಕೋಚದಿಂದ ಹೇಳಿದರು: "ಅಂಗ್ಡಿ ತುಂಬಾ ಕರೀ ಟೈರೇ ಅಮ್ಮ. ಇದು ಅದ್ರ ಮಧ್ಯೆ ಮಲ್ಕೊಂಡ್ರೆ ಯಾರಾದ್ರೂ ತುಳ್ದುಬಿಡ್ತಾರೆ." ಅವರ ಮಾತಿನಲ್ಲಿ ನ್ಯಾಯವಿತ್ತು, ಚಕ್ಕುಲಿಯನ್ನು ಕೊಟ್ಟು ಕಳಿಸಿದೆ. ಉಪ್ಪಾರಹಳ್ಳಿಯ ಒಬ್ಬಾಕೆ "ಕರೀದ್ ತಗೊಂಡ್ ಹೋದ್ರೆ ನಮ್ಮತ್ತೆ ಬೈತಾರೆ" ಅಂದಳು. ಅತ್ತೆ ಪಕ್ಕದಲ್ಲೇ ನಿಂತಿದ್ದರು, ಪಾಪ. "ನಾನೇನೂ ಅಂದೇ ಇಲ್ವಲ್ಲೇ!" ಅಂದರು. ಸೊಸೆ ಆ ಮಾತು ಕೇಳಿಸದವಳಂತೆ ಬಿಳಿ ಮರಿಯನ್ನು ಎತ್ತಿಕೊಂಡಳು.

ಎಲ್ಲವೂ ಅಪಶಕುನದ ಮಾತಲ್ಲ, ತಿಳಿದುಕೊಳ್ಳಿ. ನಮ್ಮ ಶೆಲ್ಟರ್ ಮೊದಲು ಕೋಳಿ ಫಾರಂ ಆಗಿತ್ತು. ತಗ್ಗು ಶೀಟಿನ ಸೂರು, ಒಳಗೆ ಹಗಲಲ್ಲೂ ಮಬ್ಬು. ಅಲ್ಲಿ ಕರಿ ನಾಯಿ ಮೂಲೆಯಲ್ಲಿ ಮಲಗಿದರೆ ಎರಡು ಕಣ್ಣು ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ನಮ್ಮ ಡಾಕ್ಟರ್ ನಾಜಿಯಾ ಮೇಡಂ ಒಂದು ಸಲ ನನಗೆ ಹೇಳಿದರು: "ಕಂದು ನಾಯಿ ಹುಬ್ಬು ಎತ್ತಿದ್ರೆ ಸಾಕು, ಜನ ಅಯ್ಯೋ ಪಾಪ ಅಂತಾರೆ ಅಕ್ಕಾ. ಕರೀ ಮುಖದಲ್ಲಿ ಅದನ್ನ ಹುಡುಕ್ಬೇಕು. ಹುಡುಕೋವಷ್ಟು ಹೊತ್ತು ಯಾರೂ ನಿಲ್ಲಲ್ಲ. ನಮ್ಮನೇಲೂ ಅಷ್ಟೇ, ನಮ್ಮಮ್ಮಿಗೂ ಕರೀ ನಾಯಿ ಅಂದ್ರೆ ಆಗಲ್ಲ, ಯಾಕೆ ಅಂದ್ರೆ ಗೊತ್ತಿಲ್ಲ ಅಂತಾರೆ."

ಜಾಮೂನು ನಮ್ಮಲ್ಲಿ ಉಳಿದದ್ದೂ ಹಾಗೇ. ಗುಬ್ಬಿಯ ಸಂತೆ ದಿನ ಅಲ್ಲೇ ಮರಿಗಳನ್ನು ಕೊಟ್ಟುಬಿಡೋಣ ಅಂತ ಸತ್ಯಣ್ಣನವರಿಗೆ ಹೊಳೆಯಿತು. ತೆಂಗಿನಕಾಯಿ ರಾಶಿಯ ಪಕ್ಕ ದೊಡ್ಡ ಛತ್ರಿ ನೆಟ್ಟು, ಬಿದಿರು ಬುಟ್ಟಿಗಳಲ್ಲಿ ಮರಿಗಳನ್ನಿಟ್ಟು ಕೂತೆವು. ಮಧ್ಯಾಹ್ನದೊಳಗೆ ಕಂದು, ಬಿಳಿ, ಮಚ್ಚೆ ಎಲ್ಲ ಹೋದವು. ಕೊನೆಗೆ ಉಳಿದದ್ದು ಬುಟ್ಟಿಯ ತಳದಲ್ಲಿ ಸುರುಳಿ ಸುತ್ತಿ ಮಲಗಿದ್ದ ಒಂದು ಕರಿ ಹೆಣ್ಣುಮರಿ. ಕಾಯಿ ಮಾರುವ ಹೆಂಗಸೊಬ್ಬಳು ಬಂದು, "ಅಮ್ಮಯ್ಯ, ಆ ಖಾಲಿ ಬುಟ್ಟಿ ಕೊಡ್ತೀಯಾ? ಕಾಯಿ ತುಂಬ್ಕಬೇಕು" ಅಂದಳು.

"ಖಾಲಿ ಅಲ್ಲ ಕಣವ್ವ, ಸರ್ಯಾಗ್ ನೋಡು" ಅಂದೆ.

ಬಗ್ಗಿ ನೋಡಿದಳು. ಮರಿ ಕಣ್ಣು ಬಿಟ್ಟು ಆಕಳಿಸಿತು, ಗುಲಾಬಿ ನಾಲಿಗೆ ಆಚೆ ಬಂತು. "ಅಯ್ ನನ್ನವ್ವ, ಜಾಮೂನ್ ಇದ್ದಂಗೈತಲ್ಲೇ!" ಅಂತ ಬಾಯಿತುಂಬ ನಕ್ಕಳು. ಮರಿಯ ಗಲ್ಲ ಸವರಿದಳು. ಆಮೇಲೆ ಬೇರೆ ಬುಟ್ಟಿ ಹುಡುಕಿಕೊಂಡು ಹೋದಳು. ನಮ್ಮ ಶೆಲ್ಟರಿನಲ್ಲಿ ನಾನು ಇಡದೆ ಬಂದ ಹೆಸರು ಅದೊಂದೇ.

ಜಾಮೂನು ಬೆಳೆದಳು. ಎಂಥ ಗುಣ ಅಂತೀರಿ! ಮೈಮೇಲೆ ಹಾರುವುದಿಲ್ಲ, ಊಟಕ್ಕೆ ನುಗ್ಗುವುದಿಲ್ಲ. ಯಾರಾದರೂ ಇಷ್ಟವಾದರೆ ಹತ್ತಿರ ಬಂದು ಗಲ್ಲವನ್ನು ಅವರ ಪಾದದ ಮೇಲಿಟ್ಟು ಒಂದು ಉಸಿರು ಬಿಡುತ್ತಿದ್ದಳು, ಅಷ್ಟೇ. ನಾನೇ ಇಟ್ಟುಕೊಳ್ಳಬಹುದಿತ್ತಲ್ಲ ಅನ್ನುತ್ತೀರಾ? ನನ್ನದು ಬಾಡಿಗೆ ಮನೆ, ಮಹಡಿ ಮೇಲೆ. ಆಗಲೇ ಎರಡು ನಾಯಿ ಸಾಕಿದ್ದೆ. ಮೂರನೆಯದು ಮೆಟ್ಟಿಲು ಹತ್ತಿದ ದಿನ ನಾನು ಮೆಟ್ಟಿಲಿಳಿಯಬೇಕು ಅಂತ ಓನರಮ್ಮ ಹೇಳಿಯಾಗಿತ್ತು.

ಅಷ್ಟರಲ್ಲಿ ಕೆಲಸದ ರೀತಿಯೂ ಬದಲಾಯಿತು. ಮೊದಲು ಜನ ಬಂದು ನೋಡುತ್ತಿದ್ದರು, ಆಮೇಲೆ ವಾಟ್ಸಾಪಿನಲ್ಲೇ ನೋಡಿ ಆರಿಸಿಕೊಂಡು ಬರತೊಡಗಿದರು. ಫೋಟೋದಲ್ಲಿ ಕರಿ ನಾಯಿ ಅಂದರೆ ಇದ್ದಿಲ ಮೂಟೆ. ಬಹಳ ಫೋಟೋ ಹಾಳು ಮಾಡಿದ ಮೇಲೆ ನಾನೊಂದು ದಾರಿ ಕಂಡುಕೊಂಡೆ, ನಿಮಗೂ ಹೇಳುತ್ತೇನೆ. ಶೆಡ್ಡಿನೊಳಗೆ ತೆಗೆಯಬೇಡಿ. ಬೆಳಗಿನ ಬಿಸಿಲಲ್ಲಿ ಹೊಂಗೆ ಮರದ ಕೆಳಗೆ ಹಳದಿ ಬೆಡ್‌ಶೀಟ್ ಹಾಸಿ ಕೂರಿಸಿ, ಬಾಯಿ ತೆರೆದು ನಾಲಿಗೆ ಕಾಣುವ ತನಕ ಕಾಯಿರಿ. ಕೆಳಗೆ ಬಣ್ಣ ಬರೆಯಬೇಡಿ. "ಪೇಪರ್ ಹಾಕುವವನಿಗೆ ಬೊಗಳುವುದಿಲ್ಲ, ಮಗು ಅತ್ತರೆ ಎದ್ದು ಬರುತ್ತದೆ" ಅಂತ ಅದು ಮಾಡುವುದನ್ನು ಬರೆಯಿರಿ. ಕರಿ ನಾಯಿ ಹುರುಳಿ ಗುಬ್ಬಿಯ ಮೇಷ್ಟರ ಮನೆಗೆ ಹೋದದ್ದು ಹಾಗೆಯೇ.

ಜಾಮೂನಿನ ಫೋಟೋ ಮಾತ್ರ ನನಗಿಂತ ಮೊದಲು ಸತ್ಯಣ್ಣನವರು ತೆಗೆದುಬಿಟ್ಟಿದ್ದರು. ಆಯುಧಪೂಜೆಯ ದಿನ. ನಮ್ಮ ಕಡೆ ಅವತ್ತು ಸೈಕಲ್ ಪಂಪಿಗೂ ಕುಂಕುಮ ಇಡುತ್ತೇವೆ. ನಮಗೆ ಅನ್ನ ಕೊಡುವುದು ನಾಯಿಗಳೇ ತಾನೇ ಅಂತ ಸತ್ಯಣ್ಣನವರು ಸಾಲಾಗಿ ಎಲ್ಲದರ ಹಣೆಗೂ ವಿಭೂತಿ ಎಳೆದರು. ಬಿಳಿಯದರ ಮೇಲೆ ಕಾಣಲಿಲ್ಲ, ಕಂದಿನ ಮೇಲೆ ಮಂಕಾಯಿತು. ಜಾಮೂನಿನ ಕರಿ ಹಣೆಯ ಮೇಲೆ ಮೂರು ಗೆರೆ ಫಳಫಳ ಹೊಳೆದವು. ಕೊರಳಲ್ಲಿ ಚೆಂಡುಹೂವಿನ ಹಾರ, ಆಕೆ ಕೂತ ಗತ್ತು! ಕ್ಲಿಕ್ಕಿಸಿ "ಜಾಮೂನಿಗೆ ಮನೆ ಬೇಕಾಗಿದೆ" ಅಂತ ಎಲ್ಲ ಗ್ರೂಪಿಗೂ ಹಾಕಿದರು. "ನೋಡ್ತಿರು ಲಕ್ಷ್ಮಿ, ಇನ್ ಜನ ಹುಡುಕ್ಕೊಂಡ್ ಬರ್ತಾರೆ" ಅಂದರು.

ಬಂದರು, ಸುಳ್ಳಲ್ಲ. ಶನಿವಾರ ಬೆಳಿಗ್ಗೆ, ಕೈಯಲ್ಲಿ ಡಬ್ಬಿ ಹಿಡಿದುಕೊಂಡು.

ಶನಿ ಕಾಟ ಇರುವವರು ಶನಿವಾರ ಕರಿ ನಾಯಿಗೆ ಅನ್ನ ಹಾಕಬೇಕು ಅಂತ ಜೋಯಿಸರು ಹೇಳಿರುತ್ತಾರೆ. ಹೇಳಿದ್ದೇನೋ ಸರಿ, ಬೀದಿಯಲ್ಲಿ ಕರಿ ನಾಯಿ ಬೇಕೆಂದಾಗ ಸಿಗಬೇಕಲ್ಲ? ಇಲ್ಲಿ ವಿಭೂತಿ ಹಚ್ಚಿಕೊಂಡು, ಹಾರ ಹಾಕಿಕೊಂಡು, ಕಚ್ಚದೆ ಬೊಗಳದೆ ಕೂತಿರುವ ನಾಯಿ! ಮೊಸರನ್ನ, ಎಣ್ಣೆ ಸವರಿದ ರೊಟ್ಟಿ, ಬೆಲ್ಲ, ಎಳ್ಳುಂಡೆ ಎಲ್ಲ ಬಂತು. ಹಾಕುತ್ತಿದ್ದರು, ಕೈಮುಗಿಯುತ್ತಿದ್ದರು, ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಹೋಗುತ್ತಿದ್ದರು. ಮುಟ್ಟುತ್ತಿದ್ದವರು ಒಬ್ಬರೂ ಇಲ್ಲ. ನಾನು ಆಸೆಯಿಂದ "ಮನೆಗ್ ಕರ್ಕೊಂಡ್ ಹೋಗಿ, ದಿನಾ ಹಾಕ್ಬೋದು" ಅಂದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. "ಎಲ್ಲಾದ್ರೂ ಉಂಟಾ ಅಮ್ಮ? ದೇವ್ರ ನಾಯಿ. ಮನೇಲಿ ಕಟ್ಟಾಕಕ್ಕಾಗುತ್ತಾ?"

ನನಗೆ ಮೈಯೆಲ್ಲ ಉರಿಯುತ್ತಿತ್ತು. ನಿನ್ನೆಯ ತನಕ ಅಪಶಕುನ ಅಂತ ಬೇಡ, ಇವತ್ತು ದೇವರು ಅಂತ ಬೇಡ. ಇದೊಂದು ನಾಯಿ, ಇದಕ್ಕೊಂದು ಮನೆ ಬೇಕು ಅನ್ನುವುದು ಯಾರ ತಲೆಗೂ ಹೋಗುತ್ತಿರಲಿಲ್ಲ. ಸತ್ಯಣ್ಣನವರಿಗೆ ಮಾತ್ರ ಒಳಗೊಳಗೇ ಖುಷಿ. ಶನಿವಾರದ ಜನ ಬರುವಾಗ ಅಕ್ಕಿ ಮೂಟೆಯನ್ನೂ ಇಳಿಸಿ ಹೋಗುತ್ತಿದ್ದರು. ಅವಳ ಹೆಸರಲ್ಲಿ ಬಂದ ಅಕ್ಕಿಯಲ್ಲಿ ಉಳಿದ ನಾಯಿಗಳೆಲ್ಲ ಉಣ್ಣುತ್ತಿದ್ದವು. "ಅವ್ಳನ್ನ ಕೊಟ್ರೆ ಶನಿವಾರನೇ ನಿಂತೋಗುತ್ತೆ ಲಕ್ಷ್ಮಿ. ಮಿಕ್ಕಿದ್ದಕ್ಕೆ ನೀನೇನ್ ಬೇಯ್ಸಿ ಹಾಕ್ತೀಯ, ನನ್ ತಲೇನಾ?" ಅನ್ನುತ್ತಿದ್ದರು. ಅನ್ನ ಬೇಯಿಸುವವಳು ನಾನು, ಅಕ್ಕಿ ಮೂಟೆಯ ಬೆಲೆ ನನಗೂ ಗೊತ್ತಿತ್ತು.

ಕೊನೆಗೆ ರೇಗಿದವರು ನಾಜಿಯಾ ಮೇಡಂ. ಜಾಮೂನಿನ ಹೊಟ್ಟೆ ಮುಟ್ಟಿ ನೋಡಿ, "ಏನ್ ಸಾರ್ ಇದು, ನಾಯಿ ಹೊಟ್ಟೇನಾ, ಹುಂಡೀನಾ? ಬಂದೋರೆಲ್ಲ ಹಾಕಿ ಹೋಗ್ತಿದ್ದಾರೆ!" ಅಂತ ಸತ್ಯಣ್ಣನವರನ್ನು ಎದುರಿಗೇ ತರಾಟೆಗೆ ತೆಗೆದುಕೊಂಡರು. ಎಣ್ಣೆ ರೊಟ್ಟಿ ತಿಂದೂ ತಿಂದೂ ಮೈ ಭಾರ ಬಂದಿತ್ತು. ಹಿಂದಿನ ಕಾಲಿನ ಕೀಲು ಸವೆಯುತ್ತಿತ್ತು. ಬೆಳಿಗ್ಗೆ ಏಳುವಾಗ ಅವಳು ನರಳುವುದು ನನ್ನ ಅಡುಗೆ ಒಲೆಯ ತನಕ ಕೇಳುತ್ತಿತ್ತು. "ಇನ್ನೊಂದ್ ಚಳಿಗಾಲ ಈ ಸಿಮೆಂಟ್ ನೆಲದ ಮೇಲೆ ಕಷ್ಟ ಅಕ್ಕಾ. ಇವ್ಳಿಗೆ ಮನೆ ಬೇಕು, ದಿನಾ ಸ್ವಲ್ಪ ನಡೆಸೋರು ಬೇಕು" ಅಂದರು ಮೇಡಂ. ಆ ಚಳಿಗಾಲ ಮುಗಿಯುವ ಹೊತ್ತಿಗೆ ನಾನೂ ಕೆಲಸ ಬಿಡುವವಳು. ನಾನು ಹೋದ ಮೇಲೆ ಇವಳಿಗೆ ಮನೆ ಹುಡುಕುವವರು ಯಾರು ಅಂತ ನನಗೆ ನಿದ್ದೆ ಬರದ ಹಾಗಾಯಿತು.

ಅವತ್ತಿನಿಂದ ಶನಿವಾರ ಗೇಟಿನಲ್ಲಿ ನಾನೇ ನಿಂತೆ. ಎಣ್ಣೆ ಇಲ್ಲ, ಬೆಲ್ಲ ಇಲ್ಲ, ಎಲ್ಲರದ್ದೂ ಸೇರಿ ಅವಳಿಗೆ ಒಂದೇ ಡಬ್ಬಿ ಮೊಸರನ್ನ, ಮಿಕ್ಕಿದ್ದು ಬೇರೆ ನಾಯಿಗಳಿಗೆ. "ಏನಮ್ಮ, ಶನಿಮಹಾತ್ಮನ ಪಿಎನಾ ನೀನು?" ಅಂತ ಒಬ್ಬರು ಕೇಳಿಯೇಬಿಟ್ಟರು. "ಹೂಂ, ಅಪಾಯಿಂಟ್‌ಮೆಂಟ್ ಇಲ್ದೆ ಬಿಡಲ್ಲ" ಅಂದೆ.

ಆ ಒಂದು ಡಬ್ಬಿ ಯಾವಾಗಲೂ ರೇವಣ್ಣನವರದು. ಕುಣಿಗಲ್ ಹತ್ತಿರ ಒಂದಿಷ್ಟು ತೆಂಗಿನ ತೋಟ, ತುಮಕೂರಿನ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸುವ ಕೆಲಸ. ಸಾಡೇಸಾತಿ, ಅಂದರೆ ಏಳೂವರೆ ವರ್ಷದ ಶನಿ ಕಾಟದ ಕೊನೆಯ ಭಾಗದಲ್ಲಿದ್ದರು. ಡ್ಯೂಟಿಗೆ ಹೋಗುವ ಮುಂಚೆ ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಅವರ ಹೆಂಡತಿ ಮಾಡಿ ಕಳಿಸುತ್ತಿದ್ದ ಮೊಸರನ್ನ ಹದವಾಗಿರುತ್ತಿತ್ತು. ಡಬ್ಬಿಯನ್ನು ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿರುತ್ತಿದ್ದರು. ಜಾಮೂನು ಅನ್ನಕ್ಕೆ ಬಾಯಿ ಹಾಕುವ ಮೊದಲು ಆ ಬಟ್ಟೆಯನ್ನು ಉದ್ದಕ್ಕೂ ಮೂಸುತ್ತಿದ್ದಳು. ಒಮ್ಮೆ ರೇವಣ್ಣ ಬಟ್ಟೆ ಮರೆತು ಹೋದರು. ಅವಳು ಅದನ್ನು ಕಚ್ಚಿಕೊಂಡು ಹೋಗಿ ಮೂಲೆಯಲ್ಲಿ ಹಾಸಿಕೊಂಡು ಮಲಗಿದಳು. ಕೇಳಲು ಹೋದರೆ ಕೊಡಲಿಲ್ಲ. "ಬುಡಿ ಅತ್ಲಾಗೆ, ಹಾಸ್ಕೊಳ್ಳಿ" ಅಂದರು ರೇವಣ್ಣ. ಮುಂದಿನ ವಾರ ಇನ್ನೊಂದು ತುಂಡಿನಲ್ಲಿ ಕಟ್ಟಿಕೊಂಡು ಬಂದರು. ಮುಟ್ಟುತ್ತಿರಲಿಲ್ಲ ಅನ್ನುವುದು ನಿಜ, ಆದರೆ ಮಾತಾಡುತ್ತಿದ್ದರು. ಲಿಫ್ಟ್ ಕೆಟ್ಟದ್ದು, ಕಾಯಿ ರೇಟು ಬಿದ್ದದ್ದು, ಎಲ್ಲವನ್ನೂ ಅವಳಿಗೆ ಹೇಳಿ ಹೋಗುತ್ತಿದ್ದರು.

ಒಂದು ಶನಿವಾರ ಅವರು ಬರಲಿಲ್ಲ. ಜಾಮೂನು ಬೇರೆಯವರ ಅನ್ನ ಮೂಸಿ ನೋಡಿ ಗೇಟಿನ ಕಡೆ ಮುಖ ಮಾಡಿ ಕೂತಳು. ಮುಂದಿನ ಶನಿವಾರವೂ ಬರಲಿಲ್ಲ. "ಕಾಟ ಮುಗ್ದಿರ್ಬೇಕು. ಮುಗೀತು ಅಂದ್ರೆ ನಾಯಿ ಜ್ಞಾಪಕ ಎಲ್ಲಿರುತ್ತೆ" ಅಂತ ನಾನು ಒಲೆ ಮುಂದೆ ಕೂತು ಬೈದೆ. ಬೈಯುತ್ತಾ ಅತ್ತೂಬಿಟ್ಟೆ.

ಅದಾದ ಮೇಲೆ ಒಂದು ಮಂಗಳವಾರ ಗೇಟಿನಲ್ಲಿ ರೇವಣ್ಣ ನಿಂತಿದ್ದರು. ಕೈಯಲ್ಲಿ ಡಬ್ಬಿ ಇಲ್ಲ.

"ಏನ್ ರೇವಣ್ಣೋರೆ, ದಿನ ತಪ್ಪಿ ಬಂದ್ರಿ?" ಅಂದೆ, ಸ್ವಲ್ಪ ಖಾರವಾಗಿಯೇ.

"ನಮ್ದು ಮುಗೀತು ಲಕ್ಷ್ಮಮ್ಮೋರೆ. ಇನ್ ಹಾಕೋದೇನ್ ಬ್ಯಾಡ ಅಂದ್ರು ಜೋಯಿಸ್ರು."

"ಮತ್ಯಾಕ್ ಬಂದ್ರಿ?"

"ಅದೇ ತಿಳೀತಾ ಇಲ್ಲ. ಬಸ್ಸು ಈ ಕಡೆ ತಿರುಗ್ತಿದ್ದಂಗೆ ಇಳ್ಕಬುಟ್ಟೆ."

ಜಾಮೂನು ಕುಂಟುತ್ತಾ ಬಂದಳು. ಅವರ ಎರಡೂ ಕೈ ಮೂಸಿದಳು, ಏನೂ ಇಲ್ಲ. ಆದರೂ ಹೋಗಲಿಲ್ಲ, ಗಲ್ಲ ತಂದು ಅವರ ಚಪ್ಪಲಿಯ ಮೇಲಿಟ್ಟಳು. ರೇವಣ್ಣ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಮೊದಲ ಸಲ ಅವಳ ತಲೆ ಮೇಲೆ ಕೈಯಿಟ್ಟರು. "ಇಷ್ಟ್ ಮೆತ್ತಗೈತಾ ಇವ್ಳ ಕೂದ್ಲು!" ಅಂದರು, ಕಣ್ಣಲ್ಲಿ ನೀರು ತುಂಬಿತ್ತು. ತಲೆ ಎತ್ತದೆಯೇ ಹೇಳಿದರು: "ಇವ್ಳನ್ನ ಮನೆಗ್ ಕರ್ಕೊಂಡ್ ಹೋಗ್ಬೇಕು ಅಂತ ಆಸೆ. ಆದ್ರೆ ನಮ್ಮನೆಯವ್ಳು ಒಳಕ್ ಬುಡಲ್ಲ. ನೀವೇ ಬಂದು ಒಂದ್ ಮಾತ್ ಹೇಳಿ."

ಸತ್ಯಣ್ಣನವರಿಗೆ ವಿಷಯ ಹೇಳಿದೆ. ಉಪ್ಪಿಟ್ಟಿನ ಕಿವಿ ನೀವುತ್ತಾ ಕೇಳಿಸಿಕೊಂಡರು. "ಅಕ್ಕಿ ವಿಚಾರ ನಾನ್ ನೋಡ್ಕೋತೀನಿ, ಹೋಗಮ್ಮ" ಅಂದರು. ಅಕ್ಕಿಯೇನೂ ಪೂರ್ತಿ ನಿಲ್ಲಲಿಲ್ಲ ಅನ್ನಿ. ಶನಿವಾರದವರಲ್ಲಿ ಕೆಲವರು ಬರುವುದು ಬಿಟ್ಟರು, ಕೆಲವರು ಬಂದ ದಾರಿಗೆ ಸುಂಕವಿಲ್ಲ ಅನ್ನದೆ ಕಂದು ನಾಯಿಗಳಿಗೇ ಹಾಕಿ ಹೋದರು. ಅವತ್ತು ಅದು ಗೊತ್ತಿಲ್ಲದೆಯೇ ಸತ್ಯಣ್ಣನವರು ಹೂಂ ಅಂದದ್ದನ್ನು ನಾನು ಮರೆಯುವುದಿಲ್ಲ.

ಮನೆ ನೋಡದೆ ನಾಯಿ ಕೊಡಬಾರದು ಅನ್ನುವುದು ನಮ್ಮ ನಿಯಮ. ಮೊದಲು ನಾವು ಹೋಗಿ ನೋಡುತ್ತೇವೆ, ನಾಯಿ ಆಮೇಲೆ. ಈ ಸಲ ನಾನು ನಿಯಮ ಮುರಿದೆ. ಇವಳನ್ನು ಸರಿಯಾಗಿ ನೋಡದೆಯೇ ಎಲ್ಲರೂ ತೀರ್ಮಾನ ಮಾಡಿದ್ದು ಸಾಕು, ಈ ಮನೆಯವರಾದರೂ ನೋಡಿ ಬೇಡ ಅನ್ನಲಿ ಅಂತ ವ್ಯಾನಿಗೆ ಹತ್ತಿಸಿದೆ. ಅವಳ ಹಾಸಿಗೆಯನ್ನೂ ಒಂದು ಚೀಲಕ್ಕೆ ಹಾಕಿಕೊಂಡೆ.

ಕುಣಿಗಲ್ ದಾಟಿದ ಮೇಲೆ ರೇವಣ್ಣನವರ ಮನೆ. ಅವರ ಹೆಂಡತಿ ಜಯಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನಾಯಿ ಕಂಡಿದ್ದೇ ತಡ ಕೈಯೆತ್ತಿದರು.

"ಅಲ್ಲೇ ನಿಲ್ಲಿ ತಾಯಿ! ಏಳೂವರೆ ವರ್ಷ ಅನುಭವ್ಸಿದೀವಿ. ಇವ್ರ ಕಾಲ್ ಮುರೀತು, ಕರೆಯೋ ಎಮ್ಮೆ ಸತ್ತೋಯ್ತು, ಗದ್ದೆ ಮೇಲೆ ಕೋರ್ಟ್ ಕೇಸು. ಈಗ ಹೋಯ್ತಪ್ಪ ಅಂತ ಉಸ್ರು ಬುಟ್ಟಿದೀವಿ. ಹೋದ ಶನೀನ ನೀವೇ ಕರ್ಕೊಂಡ್ ಬಂದು ಬಾಗ್ಲಲ್ಲಿ ನಿಲ್ಸಿದೀರಲ್ಲ, ನಿಮ್ಗೇನ್ ಅನ್ಯಾಯ ಮಾಡಿದ್ವಿ ನಾವು?"

ಆ ಹೆಂಗಸಿನ ಭಯ ನಾಟಕವಾಗಿರಲಿಲ್ಲ. ಇದು ಆಗುವ ಕೆಲಸವಲ್ಲ, ವಾಪಸ್ ಅದೇ ಸಿಮೆಂಟ್ ನೆಲವೇ ಗತಿ ಅಂತ ಹಗ್ಗ ಎಳೆದೆ. ಜಾಮೂನು ಬರಲಿಲ್ಲ. ಮೂಗು ಮೇಲೆತ್ತಿ ಗಾಳಿ ಹಿಡಿಯುತ್ತಿದ್ದಳು. ಆಮೇಲೆ ನನ್ನನ್ನೇ ಎಳೆದುಕೊಂಡು, ಪಕ್ಕದಲ್ಲಿದ್ದ ರೇವಣ್ಣನವರನ್ನು ದಾಟಿ, ನೋವಿನ ಕಾಲನ್ನು ಕಷ್ಟಪಟ್ಟು ಎತ್ತಿ ಜಗಲಿ ಹತ್ತಿದಳು. ಜಯಮ್ಮ ಗೋಡೆಗೆ ಆತುಕೊಂಡು ಕೂತರು. ಅವಳು ಅವರ ಸೆರಗು ಮೂಸಿದಳು. ಎರಡು ಕೈಯನ್ನೂ ಬೆರಳು ಬೆರಳಾಗಿ ಮೂಸಿದಳು. ಬಾಲ ಆಡತೊಡಗಿತು, ಬಾಲದ ಜೊತೆ ಇಡೀ ಹಿಂಭಾಗವೇ ಆಡತೊಡಗಿತು. ಗಲ್ಲವನ್ನು ಜಯಮ್ಮನ ಪಾದದ ಮೇಲಿಟ್ಟು ಉಸಿರು ಬಿಟ್ಟಳು.

"ಇದ್ಯಾಕ್ ಹಿಂಗಾಡ್ತೈತೆ? ಇದು ನನ್ನ ಕಂಡೇ ಇಲ್ವಲ್ಲ!" ಅಂದರು ಜಯಮ್ಮ.

ಆಗ ನನಗೂ ಹೊಳೆಯಿತು. "ಕಂಡಿಲ್ಲ ಕಣಮ್ಮ. ಶನಿವಾರ ಶನಿವಾರ ಅನ್ನ ಕಲ್ಸಿ ಕಟ್ಟಿ ಕಳಿಸ್ತಿದ್ದೋರು ಯಾರು? ಈ ಕೈ ತಾನೇ?" ಅಂದೆ. ಚೀಲದಿಂದ ಅವಳ ಹಾಸಿಗೆ ತೆಗೆದು ಬಿಡಿಸಿದೆ. "ಇವ್ಳು ದಿನಾ ಮಲಗೋದು ಇದ್ರ ಮೇಲೇ."

"ಅಯ್ಯೋ, ನನ್ ಹಸಿರ್ ಸೀರೆ ತುಂಡು! ಎಲ್ಲೋ ಬಿಸಾಕಿ ಬಂದವ್ರೆ ಅಂತ ಇವ್ರಿಗೆ ಬೈದಿದ್ನಲ್ಲ ನಾನು!"

ಜಯಮ್ಮ ಕಾಲನ್ನು ಈಗ ಎಳೆದುಕೊಳ್ಳುತ್ತಾರೆ, ಇನ್ನೊಂದು ಗಳಿಗೆಗೆ ಎಳೆದುಕೊಳ್ಳುತ್ತಾರೆ ಅಂತ ನೋಡುತ್ತಿದ್ದೆ. ಎಳೆದುಕೊಳ್ಳಲಿಲ್ಲ. ಒಂದು ಕಾಯಿ ಬಿಡಿಸಿದರು, ಇನ್ನೊಂದು ಬಿಡಿಸಿದರು. ಆಮೇಲೆ ತಲೆ ತಗ್ಗಿಸಿಕೊಂಡೇ ಕೇಳಿದರು:

"ಶನಿವಾರದ್ದು ನಂಗೊತ್ತು. ಮಿಕ್ಕಿದ್ ದಿನ ಏನ್ ತಿಂತಾಳೆ ಇವ್ಳು?"

"ನೀವ್ ತಿನ್ನೋದೇ ಅಮ್ಮ. ಉಪ್ಪು ಖಾರ ಬೇಡ, ಅಷ್ಟೇ" ಅಂದೆ.

"ಹಂಗಾದ್ರೆ ಸಾರಿಗೆ ಖಾರ ಹಾಕೋಕ್ ಮುಂಚೆ ಒಂದಿಷ್ಟು ಕಾಳು ತೆಗ್ದಿಡ್ಬೇಕು" ಅಂದರು ಜಯಮ್ಮ. ಆಮೇಲೆ ಗಂಡನ ಕಡೆ ತಿರುಗಿದರು. "ಅದೇನ್ರೀ ಕಂಬದಂಗೆ ನಿಂತ್ಕೊಂಡ್ ನೋಡ್ತೀರಾ? ಒಳಗ್ಹೋಗಿ ಒಂದ್ ಗೋಣಿಚೀಲ ತಂದು ಹಾಸಿ. ನೆಲ ತಣ್ಣಗೈತೆ."